ಆರೋಗ್ಯದ ಸುದ್ದಿಯನ್ನು ಕೆಳಗಿನಿಂದ ಓದಿ

ಹೊಸ ಸಂಶೋಧನೆಯ ಸುದ್ದಿ ಕಂಡರೆ ತಲೆಬರಹ ಬಿಟ್ಟು, ‘ಈ ಅಧ್ಯಯನದಲ್ಲಿ ಭಾಗಿಯಾಗಿರದ ತಜ್ಞರು’ ಎನ್ನುವ ಸಾಲನ್ನು ಮೊದಲು ಹುಡುಕಿ. ಹೆಚ್ಚಾಗಿ ಅದು ಕೊನೆಯ ಎರಡು ಮೂರು ಪ್ಯಾರಾಗಳಲ್ಲಿ ಅಡಗಿರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ? ಪರೀಕ್ಷೆ ಇಲಿಗಳ ಮೇಲೋ ಮನುಷ್ಯರ ಮೇಲೋ, ಅಪಾಯ ನಿಜವಾಗಿ ಎಷ್ಟು ಅಂತ ಹೊರಗಿನವರೇ ಮುಲಾಜಿಲ್ಲದೆ ಹೇಳುವುದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ (ಸಾಸೇಜ್, ಬೇಕನ್ ಥರದ್ದು) ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಜಾಸ್ತಿ ಎಂದಿತು. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಪೀಗಲ್‌ಹಾಲ್ಟರ್ ಅದನ್ನು ಬಿಡಿಸಿ ಹೇಳಿದರು: ಅಲ್ಲಿ ಜೀವಮಾನದಲ್ಲಿ 100 ಜನರಲ್ಲಿ ಸುಮಾರು 6 ಮಂದಿಗೆ ಬರುತ್ತಿದ್ದದ್ದು 7 ಮಂದಿಗೆ ಬರಬಹುದು. ಅಪಾಯ ಸುಳ್ಳಲ್ಲ, ಆದರೆ 18 ಅಂದಾಗ ನಾವು ಬೆಚ್ಚಿಬಿದ್ದಷ್ಟು ಇಲ್ಲ. ಈ ಉಪಾಯ ಕೈಕೊಡುವುದೂ ಉಂಟು. ಹೃದಯದ ವಿಷಯಕ್ಕೆ ಚರ್ಮದ ಡಾಕ್ಟರನ್ನು ಕೇಳಿದ್ದರೆ, ಆ ತಜ್ಞರಿಗೇ ಕಂಪನಿಯ ದುಡ್ಡು ಬರುತ್ತಿದ್ದರೆ, ಅಥವಾ ‘ಇನ್ನಷ್ಟು ಅಧ್ಯಯನ ಬೇಕು’ ಅಂತ ಸುಮ್ನೆ ಉಪ್ಪುಖಾರವಿಲ್ಲದ ಒಂದು ಮಾತು ಹಾಕಿದ್ದರೆ ಪ್ರಯೋಜನವಿಲ್ಲ. ಹೊರಗಿನವರ ಮಾತೇ ಇಲ್ಲದ ಸುದ್ದಿಯನ್ನಂತೂ ನಾನು ಮನೆಯ ಗ್ರೂಪಿಗೆ ಫಾರ್ವರ್ಡ್ ಮಾಡುವುದಿಲ್ಲ.