ಉತ್ತರದಲ್ಲಿ ಎಷ್ಟು ಅಂಕಿ ಬರೆಯಬೇಕು?

ಚಿಕ್ಕಬಳ್ಳಾಪುರದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ಕಡೆ ಕಲ್ಲಿಗೇನೂ ಬರವಿಲ್ಲ. ಹಾಗಾಗಿ ಸಾಂದ್ರತೆಯ ಪ್ರಯೋಗಕ್ಕೆ ಗ್ರಾನೈಟ್ ಚೂರುಗಳನ್ನೇ ಕೊಡುತ್ತೇನೆ. ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳು ಕಲ್ಲು ತೂಗಿದಳು, 68.4 ಗ್ರಾಂ. ಅಳತೆ ಜಾರ್‌ನಲ್ಲಿ 60ರ ಗೆರೆಯಲ್ಲಿದ್ದ ನೀರು ಕಲ್ಲು ಮುಳುಗಿದ ಮೇಲೆ 86ಕ್ಕೆ ಏರಿತು. ಗಾತ್ರ 26 ಮಿ.ಲೀ. ತೂಕವನ್ನು ಗಾತ್ರದಿಂದ ಭಾಗಿಸಿ ರೆಕಾರ್ಡ್‌ನಲ್ಲಿ ಬರೆದಳು: 2.630769231.

"ಈ ಕೊನೆಯ 1 ಯಾರಮ್ಮ ಅಳೆದಿದ್ದು?" ಎಂದೆ.

"ಕ್ಯಾಲ್ಕುಲೇಟರ್ ಕೊಡ್ತು ಮೇಡಂ."

ಜಾರ್ ಓದುವಾಗ ಒಂದು ಗೆರೆ ಆಚೀಚೆ ಆಗಿದ್ದರೆ? ಇಬ್ಬರೂ ಕೂತು ಲೆಕ್ಕ ಹಾಕಿದೆವು. ಗಾತ್ರ 25 ಆದರೆ ಉತ್ತರ 2.74. ಗಾತ್ರ 27 ಆದರೆ 2.53. ಅಂದರೆ ಮೊದಲಿನ 2 ಗಟ್ಟಿ ಅಂತಿಟ್ಟುಕೊಳ್ಳಬಹುದು, ಅದರ ಪಕ್ಕದ 6 ಆಗಲೇ ಅಲ್ಲಾಡುತ್ತಿದೆ. ಅದರಾಚೆ ಬರೆದಿದ್ದನ್ನೆಲ್ಲ ನಾವು ನೋಡಿಯೇ ಇಲ್ಲ. ಉತ್ತರ 2.6 ಅಷ್ಟೇ. ಖಚಿತವಾಗಿ ಗೊತ್ತಿರುವ ಅಂಕಿಗಳು, ಜೊತೆಗೆ ಅನುಮಾನವಿರುವ ಮೊದಲ ಅಂಕಿ ಒಂದು. ಇವನ್ನೇ ಸಾರ್ಥಕ ಅಂಕಿಗಳು ಅನ್ನುವುದು.

ಗುಣಿಸುವಾಗ, ಭಾಗಿಸುವಾಗ ಯಾವ ಅಳತೆಯಲ್ಲಿ ಸಾರ್ಥಕ ಅಂಕಿ ಕಡಿಮೆಯೋ ಉತ್ತರದಲ್ಲೂ ಅಷ್ಟೇ ಇಡಿ. 68.4ರಲ್ಲಿ ಮೂರು, 26ರಲ್ಲಿ ಎರಡು, ಹಾಗಾಗಿ ಉತ್ತರದಲ್ಲಿ ಎರಡು. ಕೂಡುವಾಗ, ಕಳೆಯುವಾಗ ಮಾತ್ರ ಅಂಕಿ ಎಣಿಸಬೇಡಿ, ದಶಮಾಂಶ ಸ್ಥಾನ ನೋಡಿ. ರೇಷ್ಮೆಗೂಡಿನ ಚೀಲ 41.3 ಕೆ.ಜಿ., ಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿದ ಉಳಿಕೆ ಗೂಡು 0.275 ಕೆ.ಜಿ. ಒಟ್ಟು 41.575 ಅಲ್ಲ, 41.6. ದೊಡ್ಡ ತಕ್ಕಡಿ ನೂರು ಗ್ರಾಂಗಿಂತ ಸೂಕ್ಷ್ಮವಾಗಿ ಏನೂ ಹೇಳಿಲ್ಲ, ಅಲ್ವಾ?

ಕಳೆಯುವಾಗ ಇನ್ನೂ ಹುಷಾರಾಗಿರಬೇಕು. ಉಪ್ಪು ಹಾಕಿದ ಬೀಕರ್ 52.36 ಗ್ರಾಂ, ಖಾಲಿ ಬೀಕರ್ 52.11 ಗ್ರಾಂ. ಎರಡರಲ್ಲೂ ನಾಲ್ಕು ಅಂಕಿ. ಕಳೆದರೆ ಉಪ್ಪು 0.25, ಅಂದರೆ ಎರಡೇ ಅಂಕಿ. ಮುಂದಿನ ಲೆಕ್ಕವೆಲ್ಲ ಆ ಎರಡರ ಮೇಲೇ ನಿಲ್ಲುತ್ತದೆ. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

ಇನ್ನು ಸೊನ್ನೆ. ನಡುವಿನ ಸೊನ್ನೆ ಲೆಕ್ಕಕ್ಕೆ ಬರುತ್ತದೆ: 405ರಲ್ಲಿ ಮೂರು. ಸಂಖ್ಯೆಯ ಶುರುವಿನ ಸೊನ್ನೆ ಬರುವುದಿಲ್ಲ: 0.0042ರಲ್ಲಿ ಎರಡೇ. ದಶಮಾಂಶದ ನಂತರ ಕೊನೆಗೆ ಬರುವ ಸೊನ್ನೆ ಖಂಡಿತ ಲೆಕ್ಕ. ನಾನು ಓದುವಾಗ ಸ್ಕ್ರೂ ಗೇಜ್‌ನಲ್ಲಿ ತಂತಿಯ ವ್ಯಾಸ 0.50 ಮಿ.ಮೀ. ಬಂತು. ಸೊನ್ನೆ ಯಾಕೆ ಸುಮ್ನೆ ಅಂತ 0.5 ಎಂದು ಬರೆದೆ, ಅಂಕ ಹೋಯಿತು. ಹೋಗಬೇಕಾದದ್ದೇ. ಆ ಉಪಕರಣ 0.01 ಮಿ.ಮೀ. ತನಕ ಹೇಳುತ್ತದೆ. ಅದು ಹೇಳಿದ್ದನ್ನು ನಾನು ಅಳಿಸಿಬಿಟ್ಟಿದ್ದೆ.

ದಶಮಾಂಶ ಚಿಹ್ನೆಯೇ ಇಲ್ಲದ ಸಂಖ್ಯೆಯ ಕೊನೆಯ ಸೊನ್ನೆ ತೊಂದರೆ ಕೊಡುತ್ತದೆ. ನಂದಿ ಬೆಟ್ಟದ ಎತ್ತರ 1478 ಮೀಟರ್. ತುದಿಯಲ್ಲಿ 1.6 ಮೀಟರ್ ಎತ್ತರದ ನಾನು ನಿಂತರೆ ನನ್ನ ತಲೆ ಇರುವುದು 1479.6 ಅಲ್ಲ, 1480 ಮೀಟರ್‌ನಲ್ಲಿ. ಆ ಸೊನ್ನೆ ನಿಜವಾದದ್ದು. ಆದರೆ ಓದುವವರಿಗೆ ಅದು ಹೇಗೆ ಗೊತ್ತಾಗಬೇಕು? 1.480 × 10³ ಎಂದು ಬರೆಯಿರಿ, ಅನುಮಾನವೇ ಉಳಿಯುವುದಿಲ್ಲ.

ಎಣಿಸಿದ ಸಂಖ್ಯೆಗೆ ಈ ಮಿತಿ ಇಲ್ಲ. ಲೋಲಕದ 20 ಆಂದೋಲನಕ್ಕೆ 36.4 ಸೆಕೆಂಡ್ ಆದರೆ ಒಂದಕ್ಕೆ 1.82. ಆ 20 ಪೂರ್ತಿ ಇಪ್ಪತ್ತೇ. ಮೀಟರ್‌ಗೆ 100 ಸೆಂ.ಮೀ. ಅನ್ನುವುದೂ ಹಾಗೇ.

ನಡುವಿನ ಹಂತಗಳಲ್ಲಿ ಒಂದೆರಡು ಅಂಕಿ ಹೆಚ್ಚಿಗೆ ಇಟ್ಟುಕೊಂಡು, ಕೊನೆಯಲ್ಲಿ ಒಂದೇ ಸಲ ಮೊಟಕು ಮಾಡಿ.

ಮೂರನೆಯ ಅಂಕಿ ಬೇಕೇ ಬೇಕು ಅಂದರೆ ಅಳತೆ ಸುಧಾರಿಸಬೇಕು. ಮುಂದಿನ ವಾರ ಆ ಹುಡುಗಿ ಅದೇ ಕಲ್ಲನ್ನು ದಾರದಲ್ಲಿ ಕಟ್ಟಿ ನೀರಿನೊಳಗೆ ತೂಗಿದಳು: 42.5 ಗ್ರಾಂ. ಕಡಿಮೆಯಾಗಿದ್ದು 25.9, ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ ಅದು. ನೀರಿನ ಸಾಂದ್ರತೆ 1.00 ಎಂದಿಟ್ಟುಕೊಂಡರೆ ಕಲ್ಲಿನ ಗಾತ್ರವೂ ಅಷ್ಟೇ. ಭಾಗಿಸಿದಳು. ಕ್ಯಾಲ್ಕುಲೇಟರ್ ಈ ಸಲವೂ ಉದ್ದಕ್ಕೆ ಅಂಕಿ ಸುರಿಯಿತು. ಅವಳು 2.64 ಬರೆದು ಪೆನ್ನು ಎತ್ತಿದಳು.