ಕಾಫಿ ಹೊಟ್ಟಿನ ಊರಲ್ಲಿ ಕಂಪ್ಯೂಟರ್ ಕ್ಲೀನಿಂಗ್: ನನ್ನ ಅನುಭವ

ಕಂಪ್ರೆಸರ್ ಗಾಳಿ ಮುಟ್ಟದೆ ಡೆಸ್ಕ್‌ಟಾಪ್ ಕ್ಲೀನ್ ಮಾಡುತ್ತೇನೆ, ಅದೂ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿಯ ಸಿಪ್ಪೆ ಬಿಡಿಸಿ ಕಾಳು ವಿಂಗಡಿಸುವ ಕಾರ್ಖಾನೆ) ಆಫೀಸಿನ ಮಿಷನ್ನು, ಅಂತ ನಾನು ಹೇಳಿದಾಗ ಚಿಕ್ಕಮಗಳೂರಿನ ನಮ್ಮ ಸರ್ವೀಸ್ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಬ್ರಷ್ ಹಿಡ್ಕೊಂಡು ಕೂತ್ರೆ ದಿನಕ್ಕೆ ಮೂರು ಮಿಷನ್ ಆಗುತ್ತೆ. ಹೊಟ್ಟೆಗೇನು ತಿಂತೀಯ ಮಾರಾಯ?" ಅಂದವರೇ ಜಾಸ್ತಿ. ಈಗ ಎರಡು ಕಾಫಿ ಸೀಸನ್ ದಾಟಿದೆ. ನನ್ನ ಕೈಯಲ್ಲಿ ಕ್ಲೀನ್ ಆದ ಮಿಷನ್‌ಗಳಲ್ಲಿ ಬಿಸಿಯಾಗಿ ಆಫ್ ಆಗುವ ಕಂಪ್ಲೇಂಟ್ ಒಂದೂ ವಾಪಸ್ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಧೂಳಿನ ವಿಷಯ. ನಮ್ಮ ಜಿಲ್ಲೆಯಲ್ಲಿ ಧೂಳು ಒಂದೇ ಥರ ಇಲ್ಲ. ಕಡೂರು ಕಡೆಯ ಮಿಷನ್ ತೆರೆದರೆ ಒಣ ಮಣ್ಣು. ಊದಿದರೆ ಹಾರಿಹೋಗುತ್ತದೆ. ಮೂಡಿಗೆರೆ, ಕಳಸದ ಕಡೆಯದ್ದು ತೇವದ ಧೂಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು ಇರುತ್ತದೆ. ಧೂಳು ಮದರ್‌ಬೋರ್ಡಿಗೆ ಅಂಟಿಕೊಳ್ಳುತ್ತದೆ. ಬೂಷ್ಟು ಬಂದಿದ್ದನ್ನೂ ನೋಡಿದ್ದೇನೆ. ಆದರೆ ಎಲ್ಲಕ್ಕಿಂತ ಕಷ್ಟದ್ದು ಕಾಫಿ ವ್ಯಾಪಾರದ ಅಂಗಡಿ ಮತ್ತು ಕ್ಯೂರಿಂಗ್ ವರ್ಕ್ಸ್‌ಗಳದ್ದು. ಅಂಗಡಿಯಲ್ಲಿ ಓಟಿ (ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಎಷ್ಟು ಕಾಳು ಸಿಗುತ್ತದೆ ಅನ್ನುವುದು) ನೋಡಲು ಸ್ಯಾಂಪಲ್ ಕಾಫಿಯನ್ನು ಸಣ್ಣ ಮಿಷನ್‌ನಲ್ಲಿ ಸಿಪ್ಪೆ ಬಿಡಿಸುತ್ತಾರೆ ಅಲ್ವಾ, ಅದು ಇರುವುದು ಬಿಲ್ಲಿಂಗ್ ಕಂಪ್ಯೂಟರ್‌ನ ಪಕ್ಕದಲ್ಲೇ. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಸಿಪ್ಪೆಯ ಚೂರು, ಕಾಳಿನ ಮೇಲಿನ ತೆಳು ಸಿಲ್ವರ್ ಸ್ಕಿನ್, ಚೆರ್ರಿ (ಇಡೀ ಹಣ್ಣಾಗಿ ಒಣಗಿಸಿದ ಕಾಫಿ) ಹೊಟ್ಟಿನ ಪುಡಿ, ಮೂರನ್ನೂ ಫ್ಯಾನ್ ಒಳಗೆ ಎಳೆಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಳಗೆ ಹೋದ ಈ ಹೊಟ್ಟು ಜೂನ್‌ನ ಮಳೆಯಲ್ಲಿ ತೇವ ಕುಡಿದು ಹೀಟ್‌ಸಿಂಕ್ (ಪ್ರೊಸೆಸರ್‌ನ ಬಿಸಿ ಎಳೆದು ಹೊರಹಾಕುವ ಲೋಹದ ತುಂಡು) ಮೇಲೆ ಕಂಬಳಿಯ ಹಾಗೆ ಹೆಣೆದುಕೊಳ್ಳುತ್ತದೆ.

ಸಾವಿರ ಮೀಟರ್ ಎತ್ತರದ ತಂಪಾದ ಊರು, ಇಲ್ಲಿ ಕಂಪ್ಯೂಟರ್ ಬಿಸಿಯಾಗುವುದು ಹೇಗೆ ಅಂತ ಓನರ್‌ಗಳು ಕೇಳುತ್ತಾರೆ. ರೂಮು ಎಷ್ಟೇ ತಂಪಾಗಿರಲಿ, ಆ ಗಾಳಿ ಹೀಟ್‌ಸಿಂಕ್‌ನ ತೆಳು ಪಟ್ಟಿಗಳ, ಅಂದರೆ ಫಿನ್‌ಗಳ ನಡುವೆ ಹೋಗದಿದ್ದರೆ ಪ್ರಯೋಜನ ಇಲ್ಲ. ಸುಮ್ನೆ ಬಯಾಸ್ ಸ್ಕ್ರೀನ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಸ್ಕ್ರೀನ್) ಬಿಟ್ಟರೂ 70 ಡಿಗ್ರಿ ಹತ್ತಿರ ತೋರಿಸುವ ಹಳೇ ಐ3 ಮಿಷನ್‌ಗಳು ನನ್ನ ಟೇಬಲ್‌ಗೆ ಬಂದಿವೆ. ಟ್ಯಾಲಿ ಜೊತೆ ಬ್ರೌಸರ್ ತೆರೆದರೆ 95 ದಾಟಿ ಸ್ಲೋ ಆಗುತ್ತಿದ್ದವು.

ಕಂಪ್ರೆಸರ್ ಯಾಕೆ ಬೇಡ ಅನ್ನುವುದು ನಮ್ಮವರ ಜೊತೆ ನನ್ನ ದೊಡ್ಡ ಜಗಳ. ಪಂಕ್ಚರ್ ಅಂಗಡಿಯ ಟ್ಯಾಂಕ್‌ನಲ್ಲಿ 100 ಪಿಎಸ್ಐ ಮೇಲೆ ಒತ್ತಡ ಇರುತ್ತದೆ. ಕಂಪ್ಯೂಟರ್‌ಗೆ 30 ದಾಟಬಾರದು. ಗಾಳಿಯನ್ನು ಒತ್ತಿದಾಗ ಅದರ ತೇವ ನೀರಾಗಿ ಟ್ಯಾಂಕ್‌ನ ತಳ ಸೇರುತ್ತದೆ. ನಮ್ಮ ಕಡೆ ಜುಲೈನಲ್ಲಿ ಪೈಪ್ ಬಿಟ್ಟರೆ ಮೊದಲು ಬರುವುದೇ ನೀರಿನ ತುಂತುರು. ಜೊತೆಗೆ ಪಂಪ್‌ನ ಆಯಿಲ್. ಅದು ಬೋರ್ಡಿಗೆ ಬಿದ್ದರೆ ಮುಂದಿನ ಧೂಳಿಗೆ ನಾವೇ ಅಂಟು ಹಚ್ಚಿದ ಹಾಗಾಯಿತು. ಇನ್ನು ಆ ಗಾಳಿಗೆ ಫ್ಯಾನ್ ಕಿರುಚುತ್ತಾ ತಿರುಗುತ್ತದಲ್ಲ, ಕೇಳಲು ಮಜಾ ಇರುತ್ತದೆ, ಬೇರಿಂಗ್ ಹೋಗುವುದು ಅಲ್ಲೇ. ತಿರುಗುವ ಮೋಟರ್ ತಾನೇ ಕರೆಂಟ್ ಹುಟ್ಟಿಸಿ ಬೋರ್ಡಿನ ಹೆಡರ್‌ಗೆ (ಫ್ಯಾನ್‌ನ ವೈರ್ ಸಿಕ್ಕಿಸುವ ಜಾಗ) ವಾಪಸ್ ಕಳಿಸುತ್ತದೆ ಅನ್ನುವುದನ್ನೂ ಮರೆಯಬೇಡಿ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಇಂಟೆಲ್‌ನ ಡಬ್ಬಿ ಜೊತೆ ಬರುವ ಕೂಲರ್‌ನಲ್ಲಿ ಫ್ಯಾನ್ ಮೇಲೆ, ಫಿನ್ ಕೆಳಗೆ. ಹೊಟ್ಟು ಹೆಣೆದುಕೊಳ್ಳುವುದು ಎರಡರ ನಡುವೆ. ಮೇಲಿಂದ ಜೋರಾಗಿ ಗಾಳಿ ಬಿಟ್ಟರೆ ಆ ಪದರ ಹೊರಗೆ ಬರುವುದಿಲ್ಲ, ಫಿನ್‌ನ ಬುಡಕ್ಕೆ ಹೋಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಮಿಷನ್ ಫಳಫಳ. ಒಂದು ತಿಂಗಳಿಗೆ ಮತ್ತೆ ಅದೇ ಕಂಪ್ಲೇಂಟ್. ಹೀಗೆ ವಾಪಸ್ ಬಂದ ಮಿಷನ್‌ಗಳನ್ನು ನೋಡಿ ನೋಡಿಯೇ ನಾನು ದಾರಿ ಬದಲಿಸಿದ್ದು.

ಬೇರೆ ದಾರಿಗಳಿಗೂ ದುಡ್ಡು ಸುರಿದಿದ್ದೇನೆ. ಡಬ್ಬಿಯಲ್ಲಿ ಬರುವ ಸ್ಪ್ರೇ ಗಾಳಿ 400-500 ರೂಪಾಯಿ, ನಮ್ಮ ಹೊಟ್ಟಿಗೆ ಒಂದು ಡಬ್ಬಿ ಒಂದೇ ಮಿಷನ್‌ಗೆ ಮುಗಿಯಿತು. ಡಬ್ಬಿ ವಾಲಿದರೆ ಒಳಗಿನ ದ್ರವವೇ ಹೊರಗೆ ಚಿಮ್ಮಿ ಬೋರ್ಡಿನ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಸುಮಾರು ಡಬ್ಬಿಗಳಲ್ಲಿ ಬೆಂಕಿ ಹಿಡಿಯುವ ಗ್ಯಾಸ್ ಇರುತ್ತದೆ, ಬಿಸಿ ಮಿಷನ್ ಹತ್ತಿರ ನನಗೆ ಧೈರ್ಯ ಬರಲಿಲ್ಲ. ಮನೆಯ ವ್ಯಾಕ್ಯೂಮ್ ಕ್ಲೀನರ್ ಮಳೆಗಾಲದಲ್ಲಿ ಪರವಾಗಿಲ್ಲ ಅನಿಸಿತು. ಆದರೆ ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಅದರ ಪ್ಲಾಸ್ಟಿಕ್ ಮೂತಿ ಸ್ಟ್ಯಾಟಿಕ್ (ಉಜ್ಜಾಟಕ್ಕೆ ಹುಟ್ಟುವ ಕರೆಂಟ್) ಕಟ್ಟುತ್ತದೆ. ಬೋರ್ಡಿನ ಮೇಲೆ ಜಂಪರ್ ಕ್ಯಾಪ್ (ಪಿನ್‌ಗಳ ಮೇಲೆ ಕೂರುವ ಪುಟ್ಟ ಟೋಪಿ) ಇದ್ದರೆ ಅದನ್ನೂ ನುಂಗುತ್ತದೆ. ಈಗ ಅದನ್ನು ಬೋರ್ಡಿನಿಂದ ಒಂದು ಗೇಣು ದೂರ ಇಟ್ಟು, ಬ್ರಷ್‌ನಿಂದ ಎದ್ದ ಧೂಳನ್ನು ಎಳೆಯಲು ಮಾತ್ರ ಬಳಸುತ್ತೇನೆ. ಕಾಫಿ ಹೊಟ್ಟಿನ ಪುಡಿ ಮೂಗಿಗೆ ಹೋದರೆ ಎರಡು ದಿನ ಕೆಮ್ಮು, ಮಾಸ್ಕ್ ಇಲ್ಲದೆ ಕೂರುವುದಿಲ್ಲ.

ಕೊನೆಗೆ ಕೈ ಹಿಡಿದದ್ದು ಒಂದೇ ಮಾತು: ಮೊದಲು ಒಣಗಿಸು, ಆಮೇಲೆ ಬಿಡಿಸು, ಕೊನೆಗೆ ಊದು. ಎಲ್ಲರೂ ಊದುವುದರಿಂದ ಶುರು ಮಾಡುತ್ತಾರೆ.

ಒಣಗಿಸುವುದು ಹೀಗೆ. ಮಿಷನ್ ತಾನಾಗಿ ಆಫ್ ಆಗುವ ಸ್ಥಿತಿಗೆ ಬಂದಿಲ್ಲ ಅಂದರೆ ಅರ್ಧ ಗಂಟೆ ಏನಾದರೂ ಕೆಲಸ ಕೊಟ್ಟು ಓಡಿಸುತ್ತೇನೆ. ಒಳಗಿನ ಬಿಸಿಗೆ ತೇವ ಆರುತ್ತದೆ. ಆಗಲೇ ಆಫ್ ಆಗುತ್ತಿದ್ದರೆ ಓಡಿಸುವ ಮಾತೇ ಇಲ್ಲ. ಎರಡೂ ಕಡೆ ಬಾಗಿಲು ತೆಗೆದು, ಹಳೇ 60 ವ್ಯಾಟ್ ಬಲ್ಬ್ ಒಂದನ್ನು ಒಂದೂವರೆ ಅಡಿ ದೂರದಲ್ಲಿ ಹಚ್ಚಿ ರಾತ್ರಿಯೆಲ್ಲ ಬಿಡುತ್ತೇನೆ. ಈ ಬಲ್ಬ್‌ಗೆ ನಮ್ಮವರು ತುಂಬಾ ನಕ್ಕರು. ಬೆಳಿಗ್ಗೆ ಅದೇ ಧೂಳು ಬ್ರಷ್‌ಗೆ ಪದರ ಪದರವಾಗಿ ಎದ್ದು ಬಂದಾಗ ಒಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯುವುದು, ಕ್ಯಾಬಿನೆಟ್‌ನ ಪೇಂಟ್ ಇಲ್ಲದ ಕಬ್ಬಿಣ ಮುಟ್ಟುವುದು, ಕೇಬಲ್‌ಗಳ ಫೋಟೋ ಮೊಬೈಲ್‌ನಲ್ಲಿ ಹಿಡಿಯುವುದು ನಿಮಗೆಲ್ಲ ಗೊತ್ತು. ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಕ್ಯಾಬಿನೆಟ್ ಮಲಗಿಸಬೇಡಿ. ಮಲಗಿಸಿದರೆ ಬಿಡಿಸಿದ ಧೂಳೆಲ್ಲ ರ‍್ಯಾಮ್ ಸ್ಲಾಟ್‌ಗೆ ಬೀಳುತ್ತದೆ. ನಿಲ್ಲಿಸಿಯೇ ಇಟ್ಟು ಮೇಲಿಂದ ಕೆಳಗೆ ಬ್ರಷ್ ಆಡಿಸಿದರೆ ತಳಕ್ಕೆ ಬೀಳುತ್ತದೆ, ಅಲ್ಲಿಂದ ಗುಡಿಸಿದರೆ ಆಯಿತು. ಬ್ರಷ್ ಒಂದು ಇಂಚಿನ ಪೇಂಟ್ ಬ್ರಷ್, 40 ರೂಪಾಯಿ. ಮೆತ್ತಗಿನ ಕೂದಲಿನದ್ದು ನೋಡಿ ತನ್ನಿ. ಅದರ ತಗಡಿನ ಪಟ್ಟಿಗೆ ಟೇಪ್ ಸುತ್ತಿ.

ಕೂಲರ್‌ನ ಫ್ಯಾನ್ ಬಿಚ್ಚಲೇಬೇಕು. ಕೆಳಗಿನ ಪದರವನ್ನು ಚಿಮುಟದಲ್ಲಿ ಅಂಚು ಹಿಡಿದು ನಿಧಾನ ಎಳೆದರೆ ಒಂದೇ ಹಾಳೆಯಾಗಿ ಬರುತ್ತದೆ. ಆ ಹಾಳೆಯನ್ನು ಓನರ್ ಕೈಗೆ ಕೊಡುತ್ತೇನೆ. ನನ್ನ ಚಾರ್ಜ್ ಬಗ್ಗೆ ಆಮೇಲೆ ಯಾರೂ ಚೌಕಾಸಿ ಮಾಡುವುದಿಲ್ಲ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಪೇಸ್ಟ್ ಒಣಗಿದ ಹಳೇ ಎಎಂಡಿ ಮಿಷನ್‌ನಲ್ಲಿ ಕೂಲರ್ ನೇರ ಮೇಲೆತ್ತಿದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಜೊತೆಗೇ ಬರಬಹುದು, ಪಿನ್ ಸೊಟ್ಟಗಾಗಬಹುದು. ಬಿಸಿ ಇರುವಾಗಲೇ ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಬೇಕು. ಇಂಟೆಲ್ ಕೂಲರ್ ಹಿಡಿದಿಡುವ ಪ್ಲಾಸ್ಟಿಕ್ ಪುಶ್ ಪಿನ್ ಹಳೆಯದಾದರೆ ಮುರಿಯುತ್ತದೆ, ಒಂದು ಸೆಟ್ ಜೇಬಲ್ಲಿರಲಿ.

ಊದುವುದು ಕೊನೆಗೆ. ನನ್ನ ಹತ್ತಿರ ಇರುವುದು 1,300 ರೂಪಾಯಿ ಆಸುಪಾಸಿನ ಕೈ ಬ್ಲೋವರ್. ಸ್ಪೀಡ್ ಕಮ್ಮಿ ಮಾಡುವ ರೆಗ್ಯುಲೇಟರ್ ಇರುವುದನ್ನೇ ಕೊಳ್ಳಿ. ಎಲ್ಲ ಫ್ಯಾನ್‌ಗಳ ರೆಕ್ಕೆಗೂ ಐಸ್‌ಕ್ರೀಮ್ ಕಡ್ಡಿ ಸಿಕ್ಕಿಸಿ ನಿಲ್ಲಿಸುತ್ತೇನೆ. ಗಾಳಿ ಹಿಂದಿನಿಂದ ಮುಂದಕ್ಕೆ ಹೋಗಬೇಕು. ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಅಂಟು ಜಾಗಕ್ಕೆ ಮಾತ್ರ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್), 99 ಪರ್ಸೆಂಟಿನದ್ದು. ತುಕ್ಕು ಬಿಡಿಸುವ ಸ್ಪ್ರೇ ಬೋರ್ಡಿಗೆ ಹೊಡೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಅದು ಎಣ್ಣೆಯ ಪದರ ಬಿಟ್ಟು ಹೋಗುತ್ತದೆ. ಪ್ರೊಸೆಸರ್ ಸಾಕೆಟ್ ಸುತ್ತ ಕಪ್ಪಾಗಿ ಗಟ್ಟಿಯಾದದ್ದನ್ನು ಬಿಡಿಸಲು ನನ್ನದೇ ಒಂದು ದಾರಿ ಇದೆ. ಅದನ್ನು ಬರೆಯುವುದಿಲ್ಲ, ಅದು ನನ್ನ ಅನ್ನ.

ರ‍್ಯಾಮ್‌ಗೆ ಪೆನ್ಸಿಲ್ ರಬ್ಬರ್ ಉಜ್ಜುವುದು ನಮ್ಮಲ್ಲಿ ಶಾಸ್ತ್ರದ ಹಾಗೆ ನಡೆದು ಬಂದಿದೆ. ಚಿನ್ನದ ಲೇಪ ತುಂಬಾ ತೆಳು, ವರ್ಷ ವರ್ಷ ಉಜ್ಜಿದರೆ ಸವೆಯುತ್ತದೆ. ರಬ್ಬರ್‌ನ ಚೂರು ಸ್ಲಾಟ್‌ಗೆ ಬಿದ್ದರೆ ಇನ್ನೊಂದು ತಲೆನೋವು. ಬಟ್ಟೆಗೆ ಎರಡು ಹನಿ ಐಪಿಎ ಹಾಕಿ ಒರೆಸಿದರೆ ಸಾಕು.

ಎಸ್ಎಂಪಿಎಸ್ ಡಬ್ಬಿ, ಅಂದರೆ ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ, ತೆರೆಯಬೇಡಿ ಅಂತ ಕೈಮುಗಿದು ಹೇಳುತ್ತೇನೆ. 230 ವೋಲ್ಟ್ ಒಳಗೆ ಹೋಗಿ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಹತ್ತಿರ ನಿಲ್ಲುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಹೊರಗಿನಿಂದಲೇ, ಅದರ ಫ್ಯಾನ್ ನಿಲ್ಲಿಸಿ, ಕಮ್ಮಿ ಗಾಳಿಯಲ್ಲಿ ಊದಿ. ಒಳಗೆ ಹೊಟ್ಟು ಗಿಡಿದಿದ್ದರೆ ಬೇರೆ ಹಾಕಿ. ಸುಮಾರು 1,000-1,200 ರೂಪಾಯಿ. ಜೀವಕ್ಕಿಂತ ಹೆಚ್ಚಲ್ಲ.

ನಡುವೆ ಕೆಲವು ಪ್ರಯೋಗ ಮಾಡಿದೆ. ಮಳೆಗಾಲದ ತೇವಕ್ಕೆ ಕ್ಯಾಬಿನೆಟ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೋಡಿದೆ. ಫ್ಯಾನ್ ಇಡೀ ದಿನ ಹೊರಗಿನ ಗಾಳಿ ಎಳೆಯುವಾಗ ಆ ಪೊಟ್ಟಣ ಏನು ಮಾಡೀತು? ವಾರದೊಳಗೆ ಬಣ್ಣ ತಿರುಗಿತು. ಅದಕ್ಕಿಂತ ಮಳೆಗಾಲದಲ್ಲಿ ದಿನಾ ಒಂದೆರಡು ಗಂಟೆ ಮಿಷನ್ ಆನ್ ಮಾಡುವುದೇ ಒಳ್ಳೆಯದು. ಹಲ್ಲಿ, ಜಿರಳೆಗೆ ನುಸಿಗುಳಿಗೆ ಇಡುವವರಿದ್ದಾರೆ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗೆ ಒಳ್ಳೆಯದಲ್ಲ, ಬೇಡವೇ ಬೇಡ. ಹಿಂದಿನ ಖಾಲಿ ಸ್ಲಾಟ್‌ಗೆ ತಗಡಿನ ಕವರ್ ಹಾಕಿದರೆ ಹಲ್ಲಿ ಬರುವುದು ನಿಲ್ಲುತ್ತದೆ.

ಫಿಲ್ಟರ್‌ನ ಪ್ರಯೋಗ ಜಾಸ್ತಿ ದಿನ ಹಿಡಿಯಿತು. ಕ್ಯಾಬಿನೆಟ್‌ಗೆ ಗಾಳಿ ಬರುವ ಜಾಗಕ್ಕೆ ಕಿಟಕಿಗೆ ಹಾಕುವ ಸೊಳ್ಳೆ ಮೆಶ್ ಹಾಕಿದರೆ ಸಿಪ್ಪೆಯ ಚೂರು ನಿಲ್ಲುತ್ತದೆ, ಪುಡಿ ಒಳಗೆ ಹೋಗುತ್ತದೆ. ದಪ್ಪ ಬಟ್ಟೆ ಕಟ್ಟಿದರೆ ಗಾಳಿಯೇ ಇಲ್ಲ, 8-10 ಡಿಗ್ರಿ ಏರಿತು. ಕೊನೆಗೆ ಸರಿಯಾದ ಬಟ್ಟೆ ಮಾರ್ಕೆಟ್ ರಸ್ತೆಯ ಅಂಗಡಿಯಲ್ಲಿ ಸಿಕ್ಕಿತು, ಯಾವುದು ಅಂತ ಕೇಳಬೇಡಿ. ಮುಂದೆ ಎರಡು 120 ಎಂಎಂ ಫ್ಯಾನ್ ಗಾಳಿ ಒಳಗೆ ಎಳೆಯಬೇಕು, ಹಿಂದೆ ಒಂದೇ ಹೊರಗೆ ಬಿಡಬೇಕು. ಆಗ ಒಳಗಿನ ಒತ್ತಡ ಸ್ವಲ್ಪ ಜಾಸ್ತಿ ಇರುತ್ತದೆ, ಸಂದಿಗಳಿಂದ ಗಾಳಿ ಹೊರಗೇ ಹೋಗುತ್ತದೆ. ಹೊಟ್ಟು ಬರಬೇಕಾದರೆ ಬಟ್ಟೆಯ ದಾರಿಯೊಂದೇ. ಸೀಸನ್‌ನಲ್ಲಿ ವಾರಕ್ಕೊಮ್ಮೆ ಆಫೀಸಿನ ಹುಡುಗ ಬಟ್ಟೆ ಒಗೆದು ಒಣಗಿಸಿ ಹಾಕುತ್ತಾನೆ.

ಎಲ್ಲರೂ ನಂಬಿದ್ದು ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಅಲ್ಲಿನ ಅಕೌಂಟೆಂಟ್ ಎರಡು ಮಿಷನ್ ನನಗೆ ಕೊಟ್ಟರು, ಉಳಿದವು ಎಂದಿನಂತೆ ಕಂಪ್ರೆಸರ್‌ಗೆ ಹೋದವು. ಎಲ್ಲವೂ ಒಂದೇ ಮಾಡೆಲ್, ಒಂದೇ ಹಾಲ್. ಸೀಸನ್ ಮುಗಿಯುವಾಗ ನನ್ನ ಎರಡೂ ಕೆಲಸದ ಹೊತ್ತಲ್ಲಿ 65-70 ಡಿಗ್ರಿಯಲ್ಲಿದ್ದವು. ಉಳಿದವು 90ರ ಮೇಲೆ. ಅದರಲ್ಲಿ ಒಂದರ ಎಸ್ಎಂಪಿಎಸ್ ಹೋಯಿತು, ಇನ್ನೊಂದರ ಬೋರ್ಡ್ ಹೋಗಿ ಐದು ಸಾವಿರ ಖರ್ಚಾಯಿತು. ಈಗ ಅಲ್ಲಿನ ಎಲ್ಲ ಮಿಷನ್‌ಗಳೂ ನನ್ನವೇ.

ಊದಿ ಕೊಡುವವರು 300 ತೆಗೆದುಕೊಳ್ಳುತ್ತಾರೆ, ನಾನು ಪೇಸ್ಟ್ ಸೇರಿಸಿ 800. ಒಂದು ಮಿಷನ್‌ಗೆ ಎರಡು ಗಂಟೆ ಹಿಡಿಯುತ್ತದೆ. ಏಪ್ರಿಲ್ ಕೊನೆಗೆ, ಮಳೆ ಹಿಡಿಯುವ ಮೊದಲು ಮಾಡಿಸುವುದು ಮುಖ್ಯ. ಹೊಟ್ಟು ಒಣಗಿರುವಾಗಲೇ ಹೊರಗೆ ಹೋದರೆ ಬಲ್ಬ್‌ನ ಕೆಲಸವೂ ಇಲ್ಲ. ಮುಚ್ಚುವ ಮೊದಲು ಬಾಗಿಲು ತೆಗೆದಿಟ್ಟೇ ಅರ್ಧ ಗಂಟೆ ಓಡಿಸಿ, ಎಲ್ಲ ಫ್ಯಾನ್ ತಿರುಗುತ್ತಿವೆಯಾ ನೋಡಿ, ಡಿಗ್ರಿಯನ್ನೂ ತಾರೀಖನ್ನೂ ಒಂದು ಟೇಪ್ ಮೇಲೆ ಬರೆದು ಬಾಗಿಲಿನ ಒಳಗಡೆ ಅಂಟಿಸುತ್ತೇನೆ. ಮುಂದಿನ ವರ್ಷ ಬೇರೆಯವರು ತೆರೆದರೂ ಎಷ್ಟು ಏರಿದೆ ಅಂತ ಅವರಿಗೆ ಗೊತ್ತಾಗುತ್ತದೆ.