ಅತಿಥಿ ಬರುವ ಮೊದಲು ನೀವೇ ಅಲ್ಲೊಂದು ರಾತ್ರಿ ಮಲಗಿ

ಮಲೆನಾಡಿನಲ್ಲೋ ಕೊಡಗಿನಲ್ಲೋ ದೊಡ್ಡ ಮನೆ ಇದೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಎರಡು ಕೋಣೆ ಖಾಲಿ ಬಿದ್ದಿವೆ. ಹೋಮ್‌ಸ್ಟೇ ಮಾಡೋಣ ಅನ್ನಿಸುವುದು ಸಹಜ, ಅಲ್ವಾ? ಕೊಟ್ಟಿಗೆಹಾರದ ಹತ್ತಿರ ನಮ್ಮ ಚಿಕ್ಕಮ್ಮ ಶುರು ಮಾಡಿದ್ದೂ ಹೀಗೆಯೇ. ರಜೆ ಸಿಕ್ಕಾಗ ನಾನೂ ಹೋಗಿ ಕೈಜೋಡಿಸುತ್ತೇನೆ.

ಅಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಸೌಕರ್ಯ ಕಮ್ಮಿ ಅಂತ ಬೇಜಾರಾಗುವವರು ಅಪರೂಪ. ಮೊದಲೇ ಹೇಳದೆ ಇದ್ದದ್ದು ಎದುರಾದರೆ ಮಾತ್ರ ಎಲ್ಲರಿಗೂ ಸಿಟ್ಟು ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ ಅಂತ ತಿಳಿದು ಬಂದವರು ದೀಪದ ಬೆಳಕಿನಲ್ಲಿ ಕೂತು ಹರಟುತ್ತಾರೆ. ತಿಳಿಯದೆ ಬಂದವರಿಗೆ ಅದೇ ಕತ್ತಲು ಮೋಸದ ಹಾಗೆ ಕಾಣುತ್ತದೆ.

ಹೆಜ್ಜೆ 1: ನೀವೇ ಅತಿಥಿಯಾಗಿ

ಒಂದು ಸಂಜೆ ಬ್ಯಾಗು ಹಿಡಿದು ಆ ಕೋಣೆಗೆ ಹೋಗಿ. ಬಾಗಿಲು ಹಾಕಿಕೊಳ್ಳಿ. ಬೆಳಗಿನವರೆಗೆ ನಿಮ್ಮ ಕೋಣೆಯಿಂದ ಏನನ್ನೂ ತರಿಸಿಕೊಳ್ಳಬೇಡಿ. ಮಲಗಿದಲ್ಲಿಂದ ಸ್ವಿಚ್ಚು ಕೈಗೆ ಸಿಗುತ್ತದೆಯೇ? ಫೋನ್ ಚಾರ್ಜ್ ಮಾಡಲು ಮಂಚದ ಹತ್ತಿರ ಪ್ಲಗ್ ಇದೆಯೇ? ಒದ್ದೆ ಚಪ್ಪಲಿ ಎಲ್ಲಿಡುವುದು? ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ? ಎಲ್ಲ ಬರೆದಿಟ್ಟುಕೊಳ್ಳಿ. ನಾನು ಹೀಗೆ ಮಲಗಿದ ದಿನ ಗೊತ್ತಾಯಿತು, ಬಚ್ಚಲಿನಲ್ಲಿ ಬಟ್ಟೆ ನೇತುಹಾಕಲು ಒಂದು ಮೊಳೆಯೂ ಇರಲಿಲ್ಲ. ಆರು ತಿಂಗಳಿಂದ ಜನ ಬಂದು ಹೋಗುತ್ತಿದ್ದರು. ಒಬ್ಬರೂ ಹೇಳಿರಲಿಲ್ಲ.

ಹೆಜ್ಜೆ 2: ಬಚ್ಚಲು ಮತ್ತು ಬಿಸಿನೀರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇದು ಜೀವದ ವಿಷಯ.

ಕರೆಂಟ್ ನಂಬಲಾಗದು ಅಂತ ಅನೇಕರು ಗ್ಯಾಸ್ ಗೀಸರ್ ಹಾಕಿಸುತ್ತಾರೆ. ಅದನ್ನು ಬಚ್ಚಲಿನ ಒಳಗೆ ಖಂಡಿತ ಇಡಬೇಡಿ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನ ಮಾಡುತ್ತಿದ್ದವರು ಏನಾಗುತ್ತಿದೆ ಅಂತ ತಿಳಿಯುವ ಮೊದಲೇ ಕುಸಿದು ಬೀಳುತ್ತಾರೆ. ನಮ್ಮ ರಾಜ್ಯದಲ್ಲೇ ಹೀಗೆ ಪ್ರಾಣ ಹೋಗಿದೆ. ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗಿನ ಗೋಡೆಯ ಕಡೆ, ಗಾಳಿಯಾಡುವ ಜಾಗದಲ್ಲಿರಲಿ. ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ಚಳಿ ಅಂತ ಅತಿಥಿಗಳು ಕೆಂಡದ ಬಾಣಲೆಯನ್ನು ಕೋಣೆಗೆ ಕೇಳುವುದೂ ಉಂಟು. ಎಷ್ಟೇ ಒತ್ತಾಯ ಮಾಡಿದರೂ ಕೊಡಬೇಡಿ, ಅಪಾಯ ಅದೇ. ಇನ್ನೊಂದು ಕಂಬಳಿ ಕೊಡಿ.

ಹಂಡೆ ಒಲೆ ಇದ್ದರೆ ನಿಮ್ಮ ಅದೃಷ್ಟ. ಪೇಟೆಯ ಮಕ್ಕಳಿಗೆ ಅದೇ ಒಂದು ಸಂಭ್ರಮ. ಆದರೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಬೇಕು ಅಂತ ತೋರಿಸಿಕೊಡಿ. ಗೊತ್ತಿಲ್ಲದ ಮಗು ನೇರ ಹಂಡೆಗೆ ಕೈ ಹಾಕುತ್ತದೆ.

ಹೆಜ್ಜೆ 3: ಮುಗ್ಗಲು ವಾಸನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ದೊಡ್ಡ ಶತ್ರು ಇದೇ. ದಿನವೂ ಅಲ್ಲೇ ಇರುವವರ ಮೂಗಿಗೆ ಅದು ಗೊತ್ತಾಗುವುದಿಲ್ಲ. ಬಾಗಿಲು ತೆರೆದ ಅತಿಥಿಗೆ ಮೊದಲು ತಟ್ಟುವುದೇ ಅದು. ರೂಮ್ ಫ್ರೆಶ್‌ನರ್ ಹೊಡೆದರೆ ಎರಡೂ ಸೇರಿ ಇನ್ನೂ ಕೆಡುತ್ತದೆ.

ಕೋಣೆ ಖಾಲಿಯಿದ್ದಾಗ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಬೀರುವಿನ ಬಾಗಿಲು ತೆರೆದಿಡಿ. ಮಳೆ ಬಿಟ್ಟ ಅರ್ಧ ಗಂಟೆಯಾದರೂ ಕಿಟಕಿ ತೆಗೆಯಿರಿ. ಒಂದು ಮಂಚಕ್ಕೆ ಮೂರು ಜೊತೆ ಹೊದಿಕೆ ಬೇಕು. ಒಂದು ಹಾಸಿದ್ದು, ಒಂದು ಒಗೆದದ್ದು, ಒಂದು ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಿರುವುದು. ಹಾಸುವ ಮೊದಲು ಬಿಸಿ ಇಸ್ತ್ರಿ ಹಾಕಿ. ಮುಟ್ಟಿದರೆ ತಣ್ಣಗೆ ಅಂಟುವ ಬೆಡ್‌ಶೀಟ್ ಮೇಲೆ ಯಾರಿಗೂ ನಿದ್ದೆ ಬರುವುದಿಲ್ಲ.

ಹೆಜ್ಜೆ 4: ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ

ಮಾರ್ಚ್‌ನಲ್ಲಿ ಕಾಫಿ ಹೂವು ಬಿಟ್ಟಾಗ ತೆಗೆದ ಫೋಟೋ ಜುಲೈಯಲ್ಲಿ ಬರುವವರಿಗೆ ಸುಳ್ಳು ಹೇಳಿದಂತೆ. ಎರಡೂ ಕಾಲದ ಫೋಟೋ ಹಾಕಿ. ಕೊನೆಯ ರಸ್ತೆ ಜೀಪಿಗೆ ಮಾತ್ರವೇ? ಬರೆಯಿರಿ. ಯಾವ ಫೋನಿಗೆ ಸಿಗ್ನಲ್ ಸಿಗುತ್ತದೆ, ಎಷ್ಟು ಮೆಟ್ಟಿಲು, ನಾಯಿ ಇದೆಯೇ, ಬಚ್ಚಲು ಕೋಣೆಗೇ ಸೇರಿದೆಯೇ, ಎಲ್ಲ ಬರೆಯಿರಿ. ಉಂಬಳ, ಅಂದರೆ ಜಿಗಣೆ, ಇದೆ ಅಂತಲೂ ಬರೆಯಿರಿ. ಇಷ್ಟೆಲ್ಲ ಹೇಳಿದರೆ ಯಾರೂ ಬರುವುದಿಲ್ಲ ಅಂತ ಚಿಕ್ಕಮ್ಮ ಹೆದರಿದ್ದರು. ನಾಲ್ಕು ಜನ ಕಮ್ಮಿ ಬಂದಿರಬಹುದು. ಬಂದವರು ಮಾತ್ರ ಉಂಬಳ ಕಂಡು ಕಿರುಚಲಿಲ್ಲ, ಉಪ್ಪು ಕೇಳಿದರು.

ಜನ ಕೋಣೆ ಹುಡುಕಿ ಬುಕ್ ಮಾಡುವ ಏರ್‌ಬಿಎನ್‌ಬಿ ಜಾಲತಾಣದಲ್ಲಿ ಅತಿಥಿ ಅಂಕ ಕೊಡುವ ವಿಷಯಗಳಲ್ಲಿ ಶುಚಿತ್ವದ ಜೊತೆಗೆ, ಹೇಳಿದ ಹಾಗೇ ಇತ್ತೇ ಅನ್ನುವುದೂ ಒಂದು. ಅಲ್ಲಿ ಸೂಪರ್‌ಹೋಸ್ಟ್, ಅಂದರೆ ಒಳ್ಳೆಯ ಆತಿಥೇಯ, ಅನ್ನಿಸಿಕೊಳ್ಳಲು ಬೇರೆ ಷರತ್ತುಗಳ ಜೊತೆ 5ಕ್ಕೆ ಸರಾಸರಿ 4.8 ಅಂಕ ಬೇಕು. ಹತ್ತು ಜನರಲ್ಲಿ ಒಂಬತ್ತು ಜನ 5 ಕೊಟ್ಟು ಒಬ್ಬರು 3 ಕೊಟ್ಟರೆ ಸರಿಯಾಗಿ 4.8. ಅಂಥ ಇನ್ನೊಬ್ಬರು ಬಂದರೆ ಜಾರಿತು. ಸಿ.ಸಿ. ಕ್ಯಾಮೆರಾ ಗೇಟಿನ ಹತ್ತಿರ ಇದ್ದರೆ ಅದನ್ನೂ ಮೊದಲೇ ತಿಳಿಸಿ. ಮನೆಯೊಳಗೆ ಅತಿಥಿ ಓಡಾಡುವ ಕಡೆ ಬೇಡವೇ ಬೇಡ. 2024ರ ಏಪ್ರಿಲ್ 30ರಿಂದ ಏರ್‌ಬಿಎನ್‌ಬಿ ಒಳಗಿನ ಕ್ಯಾಮೆರಾಗಳನ್ನು ಪೂರ್ತಿ ನಿಷೇಧಿಸಿದೆ.

ಹೆಜ್ಜೆ 5: ದಾರಿ, ಮತ್ತು ಮೊದಲ ಅರ್ಧ ಗಂಟೆ

ಬೆಂಗಳೂರಿನಿಂದ ಬರುವವರು ಐದಾರು ಗಂಟೆ ಗಾಡಿಯಲ್ಲಿ ಕೂತಿರುತ್ತಾರೆ. ಕೊನೆಯಲ್ಲಿ ಮ್ಯಾಪ್ ಯಾವುದೋ ಎಸ್ಟೇಟ್ ಗೇಟಿಗೆ ಒಯ್ದು ನಿಲ್ಲಿಸಿದರೆ, ಅಲ್ಲಿ ಸಿಗ್ನಲ್ಲೂ ಇಲ್ಲದಿದ್ದರೆ, ರಜೆಯ ಖುಷಿ ಅಲ್ಲಿಗೇ ಅರ್ಧ ಹೋಯಿತು. ದಾರಿಯ ಗುರುತುಗಳನ್ನು ಹೊರಡುವ ಮೊದಲೇ ಮೆಸೇಜ್ ಮಾಡಿ. ಮಂಜು ಕವಿಯುವ ಊರಾದರೆ ಕತ್ತಲಾಗುವ ಮೊದಲು ಬನ್ನಿ ಅಂತ ಒತ್ತಿ ಹೇಳಿ.

ಬಂದ ಕೂಡಲೇ ನಿಯಮ ಓದಬೇಡಿ. ಒಂದು ಲೋಟ ಕಾಫಿ ಕೊಡಿ, ಬಚ್ಚಲು ತೋರಿಸಿ, ಊಟ ಎಷ್ಟು ಹೊತ್ತಿಗೆ ಅಂತ ಕೇಳಿ. ಆಮೇಲೆ ಅವರ ಪಾಡಿಗೆ ಬಿಡಿ. ಪದೇ ಪದೇ ಬಾಗಿಲು ತಟ್ಟಿ ಏನಾದರೂ ಬೇಕಾ ಅನ್ನುವುದು ಪ್ರೀತಿಯೇ, ಆದರೂ ಅವರಿಗೆ ಕಿರಿಕಿರಿ.

ಊಟಕ್ಕೆ ಫ್ರೈಡ್ ರೈಸ್ ಕಲಿಯುವ ಕಷ್ಟ ಬೇಡ. ಅಕ್ಕಿ ರೊಟ್ಟಿ, ಕಡುಬು, ತಂಬುಳಿ ಸಾಕು. ಕೊಡಗಿನಲ್ಲಾದರೆ ನೂಪುಟ್ಟು, ಕಡಂಬುಟ್ಟು ಇದ್ದೇ ಇದೆ. ಏನು ತಿನ್ನುವುದಿಲ್ಲ, ಯಾವುದು ಆಗಿಬರುವುದಿಲ್ಲ ಅಂತ ಮಾತ್ರ ಮೊದಲೇ ಕೇಳಿ. ಕಳಲೆ, ಅಂದರೆ ಎಳೆ ಬಿದಿರು, ಮಾಡುವುದಾದರೆ ನೀರು ಬದಲಿಸುತ್ತಾ ಚೆನ್ನಾಗಿ ನೆನೆಸಿ, ಬೇಯಿಸಿದ್ದೇ ಇರಲಿ.

ಹೆಜ್ಜೆ 6: ಕಾಗದಪತ್ರ

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಬಂದವರ ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು.

ಹೆಜ್ಜೆ 7: ಹೊರಡುವಾಗ

ತಪ್ಪಾಗಿದ್ದರೆ ವಾದಕ್ಕೆ ಇಳಿಯಬೇಡಿ. ಬಿಸಿನೀರು ಬರಲಿಲ್ಲ ಅಂದರೆ ಅವರು ಕೇಳುವ ಮೊದಲೇ ಬಿಲ್ಲಿನಲ್ಲಿ ಸ್ವಲ್ಪ ಕಮ್ಮಿ ಮಾಡಿ.

‘ಹೇಗಿತ್ತು’ ಅಂತ ಕೇಳಿದರೆ ಎಲ್ಲರೂ ‘ಚೆನ್ನಾಗಿತ್ತು’ ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಚಿಕ್ಕಮ್ಮ ಕೇಳುವ ರೀತಿಯೇ ಬೇರೆ. ‘ಮುಂದೆ ಬರೋರಿಗೆ ಏನು ಸರಿ ಮಾಡಿಡ್ಲಿ ಹೇಳಿ ಮಾರಾಯ್ರೆ’ ಅನ್ನುತ್ತಾರೆ. ಹೋದ ಸಲ ಒಬ್ಬ ಅಜ್ಜಿ ಸ್ವಲ್ಪ ಯೋಚಿಸಿ, ಬಚ್ಚಲಿಗೆ ಇಳಿಯುವ ಮೆಟ್ಟಿಲಿನಲ್ಲಿ ಹಿಡಿದುಕೊಳ್ಳಲು ಏನಾದರೂ ಇದ್ದಿದ್ದರೆ ಅಂದರು. ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಅಲ್ಲೊಂದು ಪೈಪು ಬಂದಿತ್ತು. ಈಗ ಚಿಕ್ಕಮ್ಮನೂ ಅದನ್ನು ಹಿಡಿದೇ ಇಳಿಯುತ್ತಾರೆ.